ಮೊದಲಿನ ಪ್ರೀತಿ ಉಳಿಯುವುದು ಹೇಗೆ? ಒಂದು ಬ್ಯಾಂಡ್‌ನ ಅಭಿಮಾನಿಗಳಿಂದ ಕಲಿಯುವ ಪಾಠ

(ಯಡೂರಿನಲ್ಲಿ ನಡೆದ ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: ಪ್ರಕಟನೆ 2:1–7 ಮತ್ತು ಮಾರ್ಕ 2:1–12)

ಬೆಂಗಳೂರು, ಪುಣೆ, ಬೆಳಗಾವಿಯಿಂದ ರಾತ್ರಿ ಬಸ್ಸು, ರೈಲು ಹಿಡಿದು ಈ ಕೃಷ್ಣಾ ದಂಡೆಯ ಯಡೂರಿಗೆ ಬಂದೀರಿ, ದೇವರಿಗೆ ಸ್ತೋತ್ರ. ಕಣ್ಣಾಗ ಇನ್ನೂ ನಿದ್ದಿ ಇದ್ದವರು ಹಿಂದಿನ ಸಾಲಿನ್ಯಾಗ ಕೂತೀರಿ ಅಂತ ನನಗ ಕಾಣಸ್ತದ. ಇರಲಿ. ಇವತ್ತು ನಿದ್ದಿ ಬರೂದಿಲ್ಲ, ಯಾಕಂದ್ರ ನಾನು ಮಾತಾಡೋದು ಹೆವಿ ಮೆಟಲ್ ಬಗ್ಗೆ.

ನಗಬ್ಯಾಡ್ರಿ. ನಾವು ಓದಿದ ವಾಕ್ಯಭಾಗಕ್ಕೂ ಇದಕ್ಕೂ ಸಂಬಂಧ ಐತಿ. ಎಫೆಸದ ಸಭೆಗೆ ಕರ್ತನು ಬರೆಸಿದ ಪತ್ರದಲ್ಲಿ ಮೊದಲು ಹೊಗಳಿಕೆ ಬರುತ್ತದೆ. ನೀವು ಕಷ್ಟಪಟ್ಟಿದ್ದೀರಿ, ತಾಳಿಕೊಂಡಿದ್ದೀರಿ, ಸುಳ್ಳು ಬೋಧಕರನ್ನು ಗುರುತಿಸಿದ್ದೀರಿ ಎನ್ನುತ್ತಾನೆ. ಆಮೇಲೆ ಒಂದೇ ಒಂದು ದೂರು: ಮೊದಲು ಇದ್ದ ಪ್ರೀತಿಯನ್ನು ಬಿಟ್ಟುಬಿಟ್ಟಿದ್ದೀರಿ. ಕೆಲಸ ನಡೆದಿದೆ, ಕೂಟ ನಡೆದಿದೆ, ಪ್ರೀತಿ ಮಾತ್ರ ಹೋಗಿದೆ. ಇಂಥ ಸಭೆ ನಾವು ನೋಡಿಲ್ಲ ಅಂತ ಯಾರಾದರೂ ಹೇಳ್ತೀರೇನು?

ಹಾಗಾದರೆ ಒಂದು ಪ್ರೀತಿ ನಲವತ್ತು, ಐವತ್ತು ವರ್ಷ ಉಳಿಯುವುದು ಹೇಗೆ? ಉದಾಹರಣೆಗೆ ಇವತ್ತು ನಾನು ಐರನ್ ಮೇಡನ್ ಎಂಬ ಬ್ಯಾಂಡ್‌ನ ಅಭಿಮಾನಿಗಳನ್ನು ತೆಗೆದುಕೊಳ್ಳುತ್ತೇನೆ.

1. ಯಾರು ಈ ಐರನ್ ಮೇಡನ್?

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಪೂರ್ವ ಲಂಡನ್ನಿನ ಲೇಟನ್ ಎಂಬಲ್ಲಿ, 1975ರಲ್ಲಿ, ಅದೂ ಕ್ರಿಸ್‌ಮಸ್ ದಿನವೇ, ಸ್ಟೀವ್ ಹ್ಯಾರಿಸ್ ಎಂಬ ಬೇಸ್ ಗಿಟಾರ್ ವಾದಕ ಈ ಬ್ಯಾಂಡ್ ಕಟ್ಟಿದ. ಮೊದಲ ಆಲ್ಬಮ್ 1980ರಲ್ಲಿ ಬಂತು. 2021ರ ‘ಸೆಂಜುತ್ಸು’ವರೆಗೆ ಹದಿನೇಳು ಸ್ಟುಡಿಯೋ ಆಲ್ಬಮ್‌ಗಳು. ಐವತ್ತು ವರ್ಷ ತುಂಬಿದ ನೆನಪಿಗೆ 2025ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಿಂದ ಹೊಸ ಪ್ರವಾಸ ಶುರು ಮಾಡಿದರು. ಆ ಜನರ ಮುಂದೆ ತಾತ, ಮಗ, ಮೊಮ್ಮಗ ಒಂದೇ ಕಪ್ಪು ಟೀ-ಶರ್ಟ್ ಹಾಕಿಕೊಂಡು ನಿಲ್ಲುತ್ತಾರೆ. ಟೀ-ಶರ್ಟ್ ಮೇಲೆ ‘ಎಡ್ಡಿ’ ಎಂಬ ಅಸ್ಥಿಪಂಜರದಂಥ ಗೊಂಬೆಯ ಚಿತ್ರ. ನಮ್ಮ ತಾಯಂದಿರು ಅದನ್ನು ನೋಡಿದ ಕೂಡಲೇ ಪ್ರಾರ್ಥನೆಗೆ ಕೂಡ್ತಾರ!

ಹೆದರಿಕೆಗೆ ಇನ್ನೊಂದು ಕಾರಣವೂ ಇದೆ. 1982ರಲ್ಲಿ ಇವರು ‘ದಿ ನಂಬರ್ ಆಫ್ ದಿ ಬೀಸ್ಟ್’ ಎಂಬ ಆಲ್ಬಮ್ ತಂದರು. ಹೆಸರು ಪ್ರಕಟನೆ 13:18ರಿಂದ ಬಂದದ್ದು, ಅದೇ 666. ಅಮೆರಿಕದಲ್ಲಿ ಕ್ರೈಸ್ತ ಗುಂಪುಗಳು ಪ್ರತಿಭಟನೆ ಮಾಡಿದವು, ರೆಕಾರ್ಡುಗಳನ್ನು ನಾಶಮಾಡಿದವು. ಹ್ಯಾರಿಸ್ ಹೇಳಿದ್ದು ಬೇರೆ. ‘ಡೇಮಿಯನ್: ಓಮೆನ್ 2’ ಎಂಬ ಸಿನಿಮಾ ನೋಡಿ ಮಲಗಿದಾಗ ಬಿದ್ದ ಕೆಟ್ಟ ಕನಸಿನಿಂದ ಆ ಹಾಡು ಹುಟ್ಟಿತು, ಅದು ಸೈತಾನನ ಆರಾಧನೆಯ ಹಾಡಲ್ಲ ಎಂದು. ಅದೇ ಆಲ್ಬಮ್‌ನ ಕೊನೆಯ ಹಾಡಿಗೆ ಕರ್ತನ ಪ್ರಾರ್ಥನೆಯ ಮಾತೇ ಹೆಸರು. ಗಲ್ಲಿಗೆ ಹೋಗಲಿರುವ ಒಬ್ಬ ಕೈದಿಯ ಕಡೆಯ ಗಳಿಗೆಗಳ ಹಾಡು ಅದು.

ಇದನ್ನು ಯಾಕೆ ಹೇಳಿದೆ? ವಿಶ್ವಾಸಿಯಾದವನು ಒಂದು ವಿಷಯದ ಬಗ್ಗೆ ಮಾತಾಡುವ ಮುಂಚೆ ಅದೇನೆಂದು ತಿಳಿದುಕೊಳ್ಳಬೇಕು. ಸುಳ್ಳು ಸಾಕ್ಷಿ ಹೇಳಬಾರದು ಎಂಬ ಆಜ್ಞೆ ರಾಕ್ ಸಂಗೀತಗಾರರ ವಿಷಯದಲ್ಲೂ ಅನ್ವಯಿಸುತ್ತದೆ. ಆ ಚಿತ್ರ ನೋಡಿದರೆ, ಆ ಹಾಡು ಕೇಳಿದರೆ ನಿನ್ನ ಮನಸ್ಸಾಕ್ಷಿಗೆ ಕಸಿವಿಸಿ ಆಗುತ್ತದೆಯೇ, ಕೇಳಬೇಡ. ಅದರಲ್ಲಿ ನಾಚಿಕೆ ಏನಿಲ್ಲ. ಪಕ್ಕದವನಿಗೆ ಕಸಿವಿಸಿ ಆಗದಿದ್ದರೆ ಅವನು ಸೈತಾನನ ಮಗ ಅಂತ ನೀನು ತೀರ್ಪು ಕೊಡಬೇಡ.

2. ಇದು ಪರದೇಶದ ಹುಚ್ಚಲ್ಲ

ಕೆಲವರು ಹೇಳ್ತಾರ, ಇದೆಲ್ಲ ಬಿಳಿಯರ ಹುಚ್ಚು, ನಮಗ್ಯಾಕ ಅಂತ. ನಮ್ಮಲ್ಲಿ ಇಲ್ಲವೇ? ಡಾ. ರಾಜ್‌ಕುಮಾರ್ ತಮ್ಮ ಜನರನ್ನು ‘ಅಭಿಮಾನಿ ದೇವರುಗಳು’ ಎಂದೇ ಕರೆಯುತ್ತಿದ್ದರು. ಇಲ್ಲಿಂದ ಹತ್ತಿರದ ಮಿರಜಕ್ಕೆ ಹೋಗಿ ನೋಡ್ರಿ. ಸಿತಾರ್, ತಂಬೂರಿ ಮಾಡುವ ಮನೆತನಗಳು ತಲೆಮಾರುಗಳಿಂದ ಅದೇ ಕೆಲಸ ಮಾಡುತ್ತಿವೆ. ಉಸ್ತಾದ್ ಅಬ್ದುಲ್ ಕರೀಂ ಖಾನರು ತೀರಿಕೊಂಡದ್ದು 1937ರಲ್ಲಿ. ಅವರ ಹೆಸರಿನಲ್ಲಿ ಇವತ್ತಿಗೂ ಮಿರಜದ ದರ್ಗಾದಲ್ಲಿ ವರ್ಷಕ್ಕೊಮ್ಮೆ ಸಂಗೀತಗಾರರು ಬಂದು ಹಾಡುತ್ತಾರೆ. ಆಷಾಢ ಬಂದರೆ ನಮ್ಮ ಗಡಿ ಹಳ್ಳಿಗಳಿಂದ ದಿಂಡಿಗಳು ತಾಳ ಬಾರಿಸುತ್ತ ಪಂಢರಪುರಕ್ಕೆ ನಡೆಯುತ್ತವೆ. ನಮ್ಮ ವಿಶ್ವಾಸ ಬೇರೆ, ಸರಿ. ಆದರೆ ಕಾಲು ಬೊಬ್ಬೆ ಬಂದರೂ ನಡೆಯುವವರನ್ನು ನೋಡಿ ಬೆಳೆದ ನಾಡು ಇದು. ಪ್ರೀತಿಗಾಗಿ ದಾರಿ ನಡೆಯುವುದು ನಮಗೆ ಹೊಸದಲ್ಲ.

ಬೆಂಗಳೂರಿಗೂ ರಾಕ್ ಸಂಗೀತ ಹೊಸದಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಅಲ್ಲಿ ಹಾಡಿದರು. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂದಿತು. ಎರಡು ದಿನ ಮೊದಲು ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಆಗಬೇಕಿದ್ದ ಅವರ ಕಾರ್ಯಕ್ರಮ ನಿಂತುಹೋಗಿತ್ತು. ಇವೆರಡರ ನಡುವೆ, 2007ರ ಮಾರ್ಚ್ 17ರ ಶನಿವಾರ, ಐರನ್ ಮೇಡನ್ ಭಾರತದಲ್ಲಿ ಮೊಟ್ಟಮೊದಲ ಸಲ ಹಾಡಿದ್ದು ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ.

3. ಒಬ್ಬ ಸಹೋದರನ ಪ್ರಶ್ನೆ

ಆ ಶನಿವಾರ ಅಲ್ಲಿದ್ದ ಒಬ್ಬ ಸಹೋದರ ನನಗೆ ಗೊತ್ತು. ಹೆಸರು ಹೇಳದೆ ಈ ಮಾತು ಹೇಳಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಚಿಕ್ಕೋಡಿ ಕಡೆಯ ಹಳ್ಳಿಯವನು, ಆಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹೈಸ್ಕೂಲಿನಲ್ಲಿದ್ದಾಗಲೇ ಗೆಳೆಯನೊಬ್ಬ ಒಂದು ಕ್ಯಾಸೆಟ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿ ಕೊಟ್ಟಿದ್ದ. ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಹಾಡಿನ ಮಾತುಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಪದ ಕಲಿತ. ಆ ಇಬ್ಬರು ಗೆಳೆಯರು ಮೆಸ್‌ನಲ್ಲಿ ಒಂದು ಹೊತ್ತಿನ ಊಟ ಬಿಟ್ಟು ಟಿಕೆಟ್ ದುಡ್ಡು ಕೂಡಿಸಿದರು. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋದರು.

ಎರಡು ವರ್ಷದ ಮೇಲೆ ಆ ಗೆಳೆಯ ಬೈಕ್ ಅಪಘಾತದಲ್ಲಿ ತೀರಿಕೊಂಡ.

ನಮ್ಮ ಸಹೋದರ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಕರ್ತನನ್ನು ತಿಳಿದು ಐದು ವರ್ಷವಾಯಿತು, ದೀಕ್ಷಾಸ್ನಾನವಾಯಿತು. ಒಂದು ದಿನ ಕೂಟ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದ: “ಪಾಸ್ಟರ್, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಆ ಹಾಡು ಕೇಳಿದ್ರ ಇವತ್ತಿಗೂ ನನಗ ಕಣ್ಣೀರು ಬರ್ತದ. ಆರಾಧನೆಯೊಳಗ ಎಲ್ಲಾರೂ ಅಳ್ತಾರ, ನನಗ ಬರೂದಿಲ್ಲ. ನನ್ನ ರಕ್ಷಣೆ ಸುಳ್ಳೇನ್ರಿ?”

ಅವನ ಮನೆಗೆ ಬಂದ ಯಾರೋ ಹಿರಿಯ ವಿಶ್ವಾಸಿ, ಆ ಟೀ-ಶರ್ಟು, ಸಿಡಿ ಎಲ್ಲ ಸುಟ್ಟುಹಾಕು, ಆಗ ಅಭಿಷೇಕ ಇಳಿಯುತ್ತದೆ ಎಂದು ಹೇಳಿದ್ದರಂತೆ. ಅವನು ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಹಿತ್ತಲಲ್ಲಿ ಅರ್ಧ ಗಂಟೆ ನಿಂತಿದ್ದನಂತೆ. ಸುಡಲೂ ಆಗಲಿಲ್ಲ, ಮುಂದಿನ ಎರಡು ಭಾನುವಾರ ಸಭೆಗೆ ಬರಲೂ ಆಗಲಿಲ್ಲ.

ಪ್ರಿಯರೇ, ಇಲ್ಲಿ ಒಂದು ಆತ್ಮ ಬಾಗಿಲ ಹತ್ತಿರ ನಿಂತಿದೆ. ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ ಎಂಬುದು ನಾವು ಕೊಡುವ ಉತ್ತರದ ಮೇಲೂ ಇದೆ. ಆ ಉತ್ತರವನ್ನು ಎಫೆಸದ ಪತ್ರದಲ್ಲಿ ಹುಡುಕೋಣ.

4. ನೆನಸು, ತಿರುಗು, ಮಾಡು

ಪ್ರೀತಿ ಬಿಟ್ಟ ಸಭೆಗೆ ಕರ್ತನು ಏನು ಹೇಳಿದ? ಅಳಿರಿ ಎಂದನೇ? ರೋಮಾಂಚನ ಆಗುವ ತನಕ ಹಾಡಿರಿ ಎಂದನೇ? ಐದನೆಯ ವಚನ ನೋಡಿರಿ. ಎಲ್ಲಿಂದ ಬಿದ್ದೆಯೋ ಅದನ್ನು ನೆನಸಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದ ಕೆಲಸಗಳನ್ನು ಮಾಡು ಎಂಬ ಅರ್ಥದ ಮಾತು ಅಲ್ಲಿದೆ. ಮೂರೂ ಕೈಯಿಂದ, ಕಾಲಿನಿಂದ, ನೆನಪಿನಿಂದ ಮಾಡುವ ಕೆಲಸಗಳು. ಭಾವನೆ ಬಾ ಅಂದ್ರ ಬರೂದಿಲ್ಲ. ಕೆಲಸ ಮಾಡು ಅಂದ್ರ ಮಾಡಬಹುದು.

ಈಗ ಆ ಅಭಿಮಾನಿಗಳ ಕಡೆ ನೋಡಿರಿ. ಅವರಿಗೆ ಈ ಪತ್ರ ಯಾರೂ ಓದಿ ಹೇಳಿಲ್ಲ, ಆದರೂ ಮೂರನ್ನೂ ಮಾಡುತ್ತಾರೆ. ಯಾವ ಆಲ್ಬಮ್ ಯಾವ ವರ್ಷ, ಯಾರು ಯಾವಾಗ ಸೇರಿದರು, ಯಾವಾಗ ಬಿಟ್ಟರು, ಎಲ್ಲ ನೆನಪಿನಲ್ಲಿದೆ. ನಾವು ಹನ್ನೆರಡು ಅಪೊಸ್ತಲರ ಹೆಸರು ಹೇಳಲು ತಡವರಿಸುತ್ತೇವೆ. ಅವರು ಬೇಸರವಾದಾಗ ಹೊಸದನ್ನು ಹುಡುಕದೆ ಮೊದಲ ಕ್ಯಾಸೆಟ್‌ಗೆ ತಿರುಗುತ್ತಾರೆ. ಹದಿಮೂರು ನಿಮಿಷಕ್ಕೂ ಉದ್ದದ ಒಂದು ಹಾಡಿದೆ, 1984ರ ‘ಪವರ್‌ಸ್ಲೇವ್’ ಆಲ್ಬಮ್‌ನಲ್ಲಿ, ಕೋಲ್‌ರಿಜ್ ಎಂಬ ಇಂಗ್ಲಿಷ್ ಕವಿಯ ಹಳೆಯ ಕವಿತೆಯ ಮೇಲೆ ಮಾಡಿದ್ದು. ಅದನ್ನು ಕಣ್ಣು ಮುಚ್ಚಿ ಕೊನೆಯ ತನಕ ಕೇಳುತ್ತಾರೆ. ನಾವು ಹದಿಮೂರು ನಿಮಿಷ ಮೊಬೈಲ್ ಮುಟ್ಟದೆ ಒಂದು ಅಧ್ಯಾಯ ಓದುತ್ತೇವೆಯೇ?

ಬರಗಾಲದಲ್ಲೂ ಅವರು ನಿಂತರು. 1993ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಬ್ಯಾಂಡ್ ಬಿಟ್ಟರು. ಬ್ಲೇಜ್ ಬೇಲಿ ಎಂಬ ಬೇರೆ ಗಾಯಕ ಬಂದರು. ದೊಡ್ಡ ಸ್ಟೇಡಿಯಂ ಹೋಗಿ ಸಣ್ಣ ಹಾಲ್ ಬಂತು, ಇವರ ಕಾಲ ಮುಗಿಯಿತು ಎಂದು ಜನ ಆಡಿಕೊಂಡರು. ಆ ದಿನಗಳಲ್ಲೂ ಟಿಕೆಟ್ ಕೊಂಡು ಮುಂದೆ ಬಂದು ನಿಂತವರು ಇದ್ದರು. 1999ರಲ್ಲಿ ಡಿಕಿನ್ಸನ್ ಮರಳಿ ಬಂದಾಗ ಅವರನ್ನು ಎದುರುಗೊಳ್ಳಲು ಮನೆಯಲ್ಲಿ ದೀಪ ಆರಿರಲಿಲ್ಲ, ಯಾಕಂದ್ರ ಈ ಜನ ಎಣ್ಣೆ ಹಾಕುತ್ತಲೇ ಇದ್ದರು.

ನಮ್ಮೂರಿನ ಸೇತುವೆ ನೋಡಿರಿ. ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆ ಮಳೆ ಜೋರಾದರೆ ಕಲ್ಲೋಳ-ಯಡೂರು ಬ್ಯಾರೇಜ್ ಸೇತುವೆ ಮುಳುಗುತ್ತದೆ. ಪೇಪರಿನಲ್ಲಿ ಬರುತ್ತದೆ, ನೀವೂ ಓದಿರುತ್ತೀರಿ. ಸೇತುವೆ ಕಾಣದಿದ್ದ ಮಾತ್ರಕ್ಕೆ ಇನ್ನು ಆ ದಂಡೆಯ ಸಂಬಂಧ ಮುಗಿಯಿತು ಎಂದು ಯಾರೂ ಹೇಳುವುದಿಲ್ಲ. ಸುತ್ತು ಹಾಕಿ ಹೋಗುತ್ತಾರೆ, ನೀರು ಇಳಿಯುವ ತನಕ ಕಾಯುತ್ತಾರೆ. ಪ್ರಾರ್ಥನೆಯಲ್ಲಿ ಏನೂ ಅನ್ನಿಸದ ದಿನಗಳು ಹಾಗೆಯೇ. ಸುತ್ತು ದಾರಿ ಉದ್ದ ಐತಿ, ಆದರೆ ಹೋಗಿ ಮುಟ್ಟಬಹುದು.

5. ಬಿಟ್ಟು ಹೋದವನನ್ನು ಬಿಡದ ಪ್ರೀತಿ

ಈಗ ನನ್ನನ್ನೇ ಚುಚ್ಚಿದ ಒಂದು ಸಂಗತಿ ಹೇಳುತ್ತೇನೆ. ಈ ಬ್ಯಾಂಡ್‌ನ ಮೊದಲ ಎರಡು ಆಲ್ಬಮ್‌ಗಳಲ್ಲಿ ಹಾಡಿದವರು ಪಾಲ್ ಡಿಯಾನೋ. 1981ರಲ್ಲಿ ಅವರು ಹೊರಗೆ ಹೋಗಬೇಕಾಯಿತು. ಮುಂದಿನ ಜೀವನದಲ್ಲಿ ಏಳುಬೀಳು ಬಹಳ. ಕೊನೆಗೆ ಮೊಣಕಾಲು ಕೆಟ್ಟು ವೀಲ್‌ಚೇರ್‌ಗೆ ಬಂದರು. ಆಗ ಚಿಕಿತ್ಸೆಗೆ ಹಣ ಕೂಡಿಸಿದವರಲ್ಲಿ ಅಭಿಮಾನಿಗಳು ಮುಂದೆ ನಿಂತರು. ಕ್ರೊಯೇಷಿಯಾದಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ವೇದಿಕೆ ಏರಿ, ಕುರ್ಚಿಯಲ್ಲಿ ಕೂತೇ ಹಾಡಿದರು. 2024ರ ಅಕ್ಟೋಬರ್ 21ರಂದು, 66ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಲೆಕ್ಕ ಹಾಕಿರಿ. ಬಿಟ್ಟು ಹೋಗಿ ನಲವತ್ತು ವರ್ಷವಾದವನಿಗಾಗಿ ಜನ ಜೇಬಿಗೆ ಕೈ ಹಾಕಿದರು. ಅವನು ಅವರಿಗೆ ಹೊಸದಾಗಿ ಏನೂ ಕೊಡಬೇಕಾಗಿರಲಿಲ್ಲ. ಹುಡುಗರಿದ್ದಾಗ ಎರಡು ಆಲ್ಬಮ್ ಕೊಟ್ಟಿದ್ದ, ಅಷ್ಟೇ.

ಮಾರ್ಕ 2ರಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ಬಿಚ್ಚಿ, ಯೇಸುವಿನ ಮುಂದೆ ಇಳಿಸಿದರಲ್ಲ? ಆ ವಾಕ್ಯದ ಮೇಲೆ ನಾವು ಎಷ್ಟು ಪ್ರಸಂಗ ಕೇಳಿದ್ದೇವೆ. ಆದರೆ ನಮ್ಮ ಸಭೆಯಲ್ಲಿ ಹತ್ತು ವರ್ಷದ ಹಿಂದೆ ಗಿಟಾರ್ ನುಡಿಸುತ್ತಿದ್ದ ಹುಡುಗ ಈಗೆಲ್ಲಿದ್ದಾನೆ? ಭಾನುವಾರ ಶಾಲೆ ನಡೆಸುತ್ತಿದ್ದ ಅಕ್ಕ ಬೇರೆ ಜಾತಿಯಲ್ಲಿ ಮದುವೆಯಾಗಿ ಹೋದ ಮೇಲೆ ಯಾರಾದರೂ ಫೋನ್ ಮಾಡಿದಿರೇನು? ಹೋದವರ ಬಗ್ಗೆ ನಾವು “ಹಿಂಜಾರಿದರು” ಎಂದು ಒಂದೇ ಪದ ಹೇಳಿ ಫೈಲ್ ಮುಚ್ಚುತ್ತೇವೆ. ಕಪ್ಪು ಟೀ-ಶರ್ಟ್‌ನವರು ಮಂಚ ಹೊತ್ತರು. ಬಿಳಿ ಅಂಗಿಯವರು ನಾವು ಏನು ಮಾಡಿದೆವು?

6. ಬ್ಯಾಂಡ್ ಹೊರಲಾರದ ಭಾರ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಪಾಠ ಪೂರ್ತಿಯಾಗುವುದಿಲ್ಲ. ಪ್ರೀತಿ ದೊಡ್ಡದು, ಆದರೆ ಪ್ರೀತಿಸಿದ ವಸ್ತು ಎಷ್ಟು ಭಾರ ಹೊರಬಲ್ಲದು?

ಡಿಕಿನ್ಸನ್ ಬ್ಯಾಂಡ್‌ನ ಬೋಯಿಂಗ್ 757 ವಿಮಾನವನ್ನು ತಾವೇ ಹಾರಿಸಿದವರು. 2008ರ ಫೆಬ್ರವರಿ 1ರಂದು ಮುಂಬೈಯಿಂದ ಶುರುವಾದ ಆ ಪ್ರವಾಸದ ಮೇಲೆ ‘ಫ್ಲೈಟ್ 666’ ಎಂಬ ಸಾಕ್ಷ್ಯಚಿತ್ರವೇ ಇದೆ. ಅಂಥವರಿಗೆ ನಾಲಗೆಯ ಕ್ಯಾನ್ಸರ್ ಬಂತು. ಚಿಕಿತ್ಸೆಯಾಗಿ 2015ರಲ್ಲಿ ಗುಣವಾದರು. ಹಳೆಯ ಡ್ರಮ್ ವಾದಕ ಕ್ಲೈವ್ ಬರ್ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ನರಳಿ 2013ರಲ್ಲಿ ತೀರಿಕೊಂಡರು. ಅವರಿಗಾಗಿ ಬ್ಯಾಂಡ್ ಸಹಾಯಾರ್ಥ ಕಾರ್ಯಕ್ರಮಗಳನ್ನು ಮಾಡಿತ್ತು.

ಬರ್ ನಂತರ, 1982ರ ಕೊನೆಗೆ ಬಂದವರು ನಿಕೊ ಮ್ಯಾಕ್‌ಬ್ರೇನ್. ಇವರ ಕಥೆ ನಿಮಗೆ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. 1999ರಲ್ಲಿ, ಅಮೆರಿಕದ ಫ್ಲೋರಿಡಾದಲ್ಲಿ, ಹೆಂಡತಿಯ ಜೊತೆ ಸಭೆಗೆ ಹೋಗಿ ಅವರು ಕ್ರಿಸ್ತನನ್ನು ನಂಬಿದರು. ಹೌದು, 666 ಹಾಡಿನ ಬ್ಯಾಂಡ್‌ನ ಡ್ರಮ್ ವಾದಕ! ಅವರು ಬ್ಯಾಂಡ್ ಬಿಡಲಿಲ್ಲ, ನಂಬಿಕೆಯನ್ನು ಬಚ್ಚಿಡಲೂ ಇಲ್ಲ. ಇಪ್ಪತ್ತೈದು ವರ್ಷ ಅದೇ ಡ್ರಮ್ ಹಿಂದೆ ಕೂತರು. 2023ರ ಜನವರಿಯಲ್ಲಿ ಲಕ್ವ ಹೊಡೆದು ಬಲಗೈ ನಿಂತಿತು. ಕೆಲವೇ ತಿಂಗಳಲ್ಲಿ ಅಭ್ಯಾಸ ಮಾಡಿ ಮತ್ತೆ ಪ್ರವಾಸಕ್ಕೆ ಹೊರಟರು. ಆದರೆ ಕೈ ಮೊದಲಿನಂತೆ ಆಗಲಿಲ್ಲ. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವ್ ಪಾಲೊದಲ್ಲಿ ಕೊನೆಯ ಸಲ ನುಡಿಸಿ ಪ್ರವಾಸದಿಂದ ನಿವೃತ್ತರಾದರು. ಮುಂದಿನ ಪ್ರವಾಸಕ್ಕೆ ಅವರ ಜಾಗದಲ್ಲಿ ಸೈಮನ್ ಡಾಸನ್ ಬಂದು ಕೂತರು.

ಕೈ ಹೋಗುವ ದಿನ ಎಲ್ಲರಿಗೂ ಬರುತ್ತದೆ. ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಹಾಡು ಮುಂದುವರಿಯುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ನಿನ್ನ ಕೈ ನಿಂತ ರಾತ್ರಿ, ಆಸ್ಪತ್ರೆಯ ಹಾಸಿಗೆಯಲ್ಲಿ, ನಿನ್ನ ಹೆಸರು ಹಿಡಿದು ಕರೆಯುವವರು ಯಾರು? ನೀನು ಐವತ್ತು ವರ್ಷ ಪ್ರೀತಿಸಿದ ಬ್ಯಾಂಡ್‌ಗೆ ನಿನ್ನ ಹೆಸರು ಗೊತ್ತಿಲ್ಲ. ಅದು ಅವರ ತಪ್ಪಲ್ಲ. ಅವರು ಮನುಷ್ಯರು, ಹಾಡು ಕೊಡಬಲ್ಲರು, ಕೊಟ್ಟರು. ಹಾಡಿನಿಂದ ರಕ್ಷಣೆ ಕೇಳಿದರೆ ಹಾಡಿಗೂ ಅನ್ಯಾಯ, ನಿನಗೂ ಅನ್ಯಾಯ.

7. ಆ ಸಹೋದರನಿಗೆ ಕೊಟ್ಟ ಉತ್ತರ

ನಾನು ಅವನಿಗೆ ಹೇಳಿದ್ದು ಇಷ್ಟು. “ಅಣ್ಣಾ, ನಿನ್ನ ಕಣ್ಣೀರು ಬರೋದು ಹಾಡಿಗಲ್ಲ. ನಿನ್ನ ಗೆಳೆಯಗ ಬರ್ತದ. ಆ ಜನರಲ್ ಬೋಗಿ, ಬಿಟ್ಟ ಊಟ, ನೋಟ್‌ಬುಕ್ಕು, ಎಲ್ಲಾ ಆ ಹಾಡಿನ್ಯಾಗ ಕೂತೈತಿ. ಅದನ್ನ ಸುಟ್ಟರ ನೀನು ಸುಡೋದು ಗೆಳೆಯನ ನೆನಪನ್ನ. ಕರ್ತ ಹಂಗ ಕೇಳೋವಲ್ಲ. ಲಾಜರನ ಸಮಾಧಿ ಮುಂದ ಆತನೂ ಅತ್ತಾನ.”

ಮತ್ತ ಹೇಳಿದೆ. “ಆ ಹಾಡಿನ ಜೋಡಿ ನೀನು ಇಪ್ಪತ್ತು ವರ್ಷ ಬದುಕೀದಿ. ಕರ್ತನ ಜೋಡಿ ಐದು ವರ್ಷ. ಅದರಾಗೂ ಭಾನುವಾರ ಎರಡು ತಾಸು. ಆತನ ಜೋಡಿ ರಾತ್ರಿ ರೈಲಿನ್ಯಾಗ ನಿಂತುಕೊಂಡು ಹೋಗೀದೇನು? ಆತನ ಸಲುವಾಗಿ ಒಂದು ಹೊತ್ತಿನ ಊಟ ಬಿಟ್ಟೀದೇನು? ತಿಳಿಯದ ಪದ ಬರೆದುಕೊಂಡು ಕಲಿತೀದೇನು? ಅದನ್ನ ಮಾಡು. ಕಣ್ಣೀರಿನ ಚಿಂತಿ ನಿನಗ ಬ್ಯಾಡ.”

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, “ಪಾಸ್ಟರ್, ಗೆಳೆಯನ ತಾಯಿ ಇನ್ನೂ ಅದೇ ಊರಾಗ ಒಬ್ಬಾಕಿನೇ ಅದಾಳ. ಹದಿನೈದು ವರ್ಷ ಆತು, ನಾನು ಹೋಗಿಲ್ಲ. ಅಲ್ಲಿಂದ ಶುರು ಮಾಡಲೇನ್ರಿ?”

ಹೋಗು ಎಂದೆ. ಈಗ ಅವನು ತಿಂಗಳಿಗೊಮ್ಮೆ ಹೋಗುತ್ತಾನೆ. ಆಕೆಯ ಔಷಧಿ ತಂದುಕೊಡುತ್ತಾನೆ, ಕರೆಂಟ್ ಬಿಲ್ ಕಟ್ಟುತ್ತಾನೆ. ಸಭೆಗೂ ಬರುತ್ತಾನೆ. ಆರಾಧನೆಯಲ್ಲಿ ಕಣ್ಣೀರು ಬಂತೋ ಇಲ್ಲವೋ ನಾನು ಕೇಳಿಲ್ಲ.

ಈ ವಾರದ ಅಭ್ಯಾಸ

ಸಣ್ಣ ಗುಂಪುಗಳಲ್ಲಿ ಕೂತು ಈ ಪ್ರಶ್ನೆಗಳನ್ನು ಮಾತಾಡಿರಿ. ಉತ್ತರ ಚಂದ ಇರಬೇಕಾಗಿಲ್ಲ, ನಿಜ ಇದ್ದರೆ ಸಾಕು.

ಒಂದು: ನೀನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಿಡದೆ ಪ್ರೀತಿಸಿದ್ದು ಏನು? ಬ್ಯಾಂಡ್ ಇರಬಹುದು, ಕ್ರಿಕೆಟ್ ಇರಬಹುದು, ಒಬ್ಬ ನಟ ಇರಬಹುದು. ಆ ಪ್ರೀತಿ ಉಳಿಯಲು ನೀನು ಏನೇನು ಮಾಡಿದೆ?

ಎರಡು: ಅದಕ್ಕಾಗಿ ಅಮ್ಮನ ಮುಂದೆ ಸುಳ್ಳು ಹೇಳಿದ್ದು, ಸಾಲ ಮಾಡಿದ್ದು, ಮನೆಯವರ ಕಷ್ಟಕ್ಕೆ ಹೋಗದೆ ಉಳಿದದ್ದು ಇದೆಯೇ? ಇದ್ದರೆ ಅದು ನಿನ್ನ ಮೇಲೆ ಸವಾರಿ ಮಾಡುತ್ತಿದೆ. ಇಳಿಸು.

ಮೂರು: ಕರ್ತನನ್ನು ತಿಳಿದ ಮೊದಲ ದಿನಗಳಲ್ಲಿ ನೀನು ಮಾಡುತ್ತಿದ್ದ, ಈಗ ಬಿಟ್ಟಿರುವ ಒಂದು ಕೆಲಸ ಯಾವುದು? ಒಂದೇ ಒಂದು. ಅದನ್ನು ಈ ಶನಿವಾರದ ಒಳಗೆ ಮಾಡು.

ನಾಲ್ಕು: ನಮ್ಮನ್ನು ಬಿಟ್ಟು ಹೋದ ಒಬ್ಬರ ನಂಬರ್ ನಿನ್ನ ಮೊಬೈಲಿನಲ್ಲಿ ಇನ್ನೂ ಇದೆ. ಫೋನ್ ಮಾಡು. ಸಭೆಗೆ ಬಾ ಎಂದು ಕರೆಯಬೇಡ. ಹೇಗಿದ್ದೀಯ ಎಂದು ಕೇಳು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಪ್ರೀತಿಸುವ ಶಕ್ತಿಯನ್ನು ನಮಗೆ ಕೊಟ್ಟವನು ನೀನೇ. ಅದನ್ನು ನಾವು ಎಲ್ಲಿ ಕಲಿತೆವೋ ಅದನ್ನು ತುಚ್ಛವಾಗಿ ಕಾಣದಂತೆ, ಎಲ್ಲಿ ಇಡಬೇಕೋ ಅಲ್ಲಿ ಇಡುವಂತೆ ಸಹಾಯ ಮಾಡು. ಬಾಗಿಲ ಹತ್ತಿರ ನಿಂತವರನ್ನು ನಮ್ಮ ಮಾತಿನಿಂದ ಹೊರಗೆ ತಳ್ಳದಂತೆ ನಮ್ಮ ನಾಲಗೆಯನ್ನು ಕಾಪಾಡು. ದೂರ ಹೋದವರ ಮಂಚ ಹೊರಲು ನಮಗೆ ಹೆಗಲು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಊಟ ತಯಾರೈತಿ. ಹಿಂದಿನ ಸಾಲಿನವರು ಮೊದಲು ಹೋಗ್ರಿ.